ದುಬಾರಿ ದೋಣಿಯಾತ್ರೆಗಳಿಲ್ಲದೆ ದ್ವೀಪದಲ್ಲಿ ಒಳ್ಳೆಯ ಸ್ನಾರ್ಕೆಲಿಂಗ್ ಜಾಗ ಹುಡುಕುವುದು ಹೇಗೆ?

ಪ್ರಶ್ನೆ: ತೀರಯಾತ್ರಿ

ಬರುವ ರಜೆಯಲ್ಲಿ ನಾನು ಮತ್ತು ನನ್ನ ಸಂಗಾತಿ ಹತ್ತು ದಿನಗಳ ಮಟ್ಟಿಗೆ ಉಷ್ಣವಲಯದ ಯಾವುದಾದರೊಂದು ದ್ವೀಪಕ್ಕೆ ಹೋಗಬೇಕೆಂದಿದ್ದೇವೆ. ದ್ವೀಪ ಯಾವುದೆಂದು ಇನ್ನೂ ನಿರ್ಧಾರವಾಗಿಲ್ಲ. ನಿರ್ಧರಿಸುವ ಮುನ್ನವೇ ಇಲ್ಲಿ ಕೇಳುತ್ತಿರುವುದಕ್ಕೆ ಕಾರಣವಿದೆ; ಹಿಂದಿನ ಸಲ ನಾವು ಎಡವಿದ್ದೇ ಆ ಹಂತದಲ್ಲಿ.

ಆಗ ನಾವು ಕೊಠಡಿಯನ್ನು ಮೊದಲು ಕಾಯ್ದಿರಿಸಿ, ಸ್ನಾರ್ಕೆಲಿಂಗ್ (ಮಾಸ್ಕ್ ತೊಟ್ಟು, ಕೊಳವೆಯಿಂದ ಉಸಿರಾಡುತ್ತಾ ನೀರಿನ ಮೇಲೆ ತೇಲಿ ಒಳಗಿನದನ್ನು ನೋಡುವುದು) ವಿಚಾರವನ್ನು ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡಿದ್ದೆವು. ಅಲ್ಲಿ ತಲುಪಿದಾಗ ನಮ್ಮ ಮುಂದೆ ಇದ್ದ ದಾರಿಯೆಂದರೆ ದಿನದ ದೋಣಿಯಾತ್ರೆಯೊಂದೇ. ನಾಲ್ಕು ಗಂಟೆಯ ಆ ಯಾತ್ರೆಯಲ್ಲಿ ನೀರಿನೊಳಗೆ ಕಳೆದದ್ದು ಒಂದು ಗಂಟೆಗೂ ಕಡಿಮೆ. ಮೂವತ್ತು ಜನರನ್ನು ಒಂದೇ ಜಾಗದಲ್ಲಿ ಇಳಿಸಿದ್ದರಿಂದ ಕೆಳಗಿನ ಮರಳೆಲ್ಲ ಎದ್ದು ನೀರು ಕದಡಿಹೋಗಿತ್ತು, ಕೊಟ್ಟ ಮಾಸ್ಕಿನೊಳಗೆ ನೀರು ಸೋರುತ್ತಲೇ ಇತ್ತು. ಆದರೆ ಹೊರಡುವ ಹಿಂದಿನ ದಿನ, ಪಕ್ಕದ ಕೊಠಡಿಯವರು ಪ್ರೀತಿಯಿಂದ ಕೊಟ್ಟ ಮಾಸ್ಕ್ ಧರಿಸಿ ವಸತಿಯಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ಪುಟ್ಟ ಕೊಲ್ಲಿಯೊಂದರಲ್ಲಿ ಇಳಿದೆ. ದಡದಿಂದ ನೂರು ಮೀಟರ್ ಈಜುವಷ್ಟರಲ್ಲಿ, ಆ ಯಾತ್ರೆಯಲ್ಲಿ ಕಂಡದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಮೀನುಗಳು, ಒಂದು ಕಡಲಾಮೆ ಮತ್ತು ಜೀವಂತ ಹವಳ ಕಂಡವು. ಹತ್ತು ದಿನವೂ ಆ ಕೊಲ್ಲಿ ಅಲ್ಲೇ ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ. ಆ ಬೇಸರ ಇನ್ನೂ ಹೋಗಿಲ್ಲ.

ಅಂತಹ ಜಾಗಗಳನ್ನು ಹೋಗುವ ಮುನ್ನವೇ ಗುರುತಿಸುವ ವಿಧಾನವೇನಾದರೂ ಇದೆಯೇ? ಮಾಸ್ಕ್, ಫಿನ್‌ಗಳನ್ನು (ಈಜಲು ಕಾಲಿಗೆ ತೊಡುವ ರೆಕ್ಕೆಗಳನ್ನು) ಕೊಂಡುಕೊಳ್ಳುವುದು ಲೇಸೋ, ಬಾಡಿಗೆಗೆ ಪಡೆಯುವುದು ಲೇಸೋ? ದೋಣಿಯಾತ್ರೆಗೆ ಹಣ ಕೊಡಲೇಬೇಕಾದ ಸಂದರ್ಭ ಯಾವುದು? ನಾನು ಸಾಕಷ್ಟು ಈಜಬಲ್ಲೆ. ನನ್ನ ಸಂಗಾತಿ ಈಜುಕೊಳದಲ್ಲಿ ಸ್ವಲ್ಪ ಈಜುತ್ತಾರೆ, ಸಮುದ್ರದಲ್ಲಿ ಎಂದೂ ಇಳಿದವರಲ್ಲ. ಖರ್ಚು ಕಡಿಮೆ ಮಾಡಲು ಹೋಗಿ ಅವರನ್ನು ಅಪಾಯಕ್ಕೆ ಒಡ್ಡುವ ಮನಸ್ಸು ನನಗಿಲ್ಲ.

ಉತ್ತರ: ದಡದ ದಿಬ್ಬ

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಅಗ್ಗದ ಸ್ನಾರ್ಕೆಲಿಂಗ್ ಎಂದರೆ ಅಗ್ಗದ ದೋಣಿಯಲ್ಲ, ದೋಣಿಯೇ ಬೇಡವಾದ ದಡ. ಆದ್ದರಿಂದ ಮೊದಲು ಹವಳದ ದಿಬ್ಬವನ್ನು ಹುಡುಕಿ, ಅದರಿಂದ ನಡೆದುಹೋಗುವಷ್ಟು ದೂರದಲ್ಲಿ ವಸತಿ ಹುಡುಕಿ, ಕೊನೆಯಲ್ಲಿ ವಿಮಾನದ ಟಿಕೆಟ್ ನೋಡಿ. ಬಹುತೇಕ ಪ್ರವಾಸಿಗಳು ಈ ಕ್ರಮವನ್ನು ತಿರುಗಿಸಿ ಮಾಡುತ್ತಾರೆ. ಕೊಠಡಿಯಲ್ಲಿ ಉಳಿಸಿದ ಹಣವನ್ನೆಲ್ಲ ಆಮೇಲೆ ಪ್ರತಿದಿನ ದೋಣಿಗೆ ಸುರಿಯುವಂತಾಗುವುದು ಹಾಗೆಯೇ.

ಹವಳದ ದಿಬ್ಬಗಳಲ್ಲಿ ಮೂರು ಮುಖ್ಯ ಬಗೆಗಳಿವೆ. ಚಾರ್ಲ್ಸ್ ಡಾರ್ವಿನ್ 1842ರಲ್ಲಿ ವಿವರಿಸಿದ ಈ ವಿಂಗಡಣೆ ಪ್ರವಾಸಿಗೂ ಉಪಯುಕ್ತ. ದಡಕ್ಕೆ ಅಂಟಿಕೊಂಡಂತೆಯೇ ಬೆಳೆಯುವುದು ಅಂಚಿನ ದಿಬ್ಬ. ದಡಕ್ಕೂ ದಿಬ್ಬಕ್ಕೂ ನಡುವೆ ಅಗಲವಾದ, ಆಳವಾದ ನೀರನ್ನು ಬಿಟ್ಟು ದೂರದಲ್ಲಿ ನಿಲ್ಲುವುದು ತಡೆದಿಬ್ಬ. ನಡುವಿನ ನೆಲ ಮುಳುಗಿ ಲಗೂನಿನ (ದಿಬ್ಬದ ಒಳಗಿನ ಶಾಂತ ನೀರಿನ) ಸುತ್ತ ಉಂಗುರವಾಗಿ ಉಳಿದದ್ದು ಹವಳದ್ವೀಪ. ನಿಮಗೆ ಬೇಕಾದದ್ದು ಅಂಚಿನ ದಿಬ್ಬ ಅಥವಾ ಹೊರ ಅಂಚು ದಡಕ್ಕೆ ತೀರ ಹತ್ತಿರ ಬರುವ ಹವಳದ್ವೀಪ. ತಡೆದಿಬ್ಬವಿರುವ ಕರಾವಳಿಯಲ್ಲಿ ಉಳಿದುಕೊಂಡರೆ ನೀರು ಎಷ್ಟೇ ಚೆಂದವಾಗಿ ಕಂಡರೂ ಹವಳ ನೋಡಲು ದೋಣಿಯೇ ಗತಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಹೊರ ಭಾಗಗಳು ಮುಖ್ಯಭೂಮಿಯ ದಡದಿಂದ ಹತ್ತಾರು ಕಿಲೋಮೀಟರ್ ಆಚೆಗಿರುವುದರಿಂದ ಅಲ್ಲಿ ದೋಣಿಯ ವೆಚ್ಚ ತಪ್ಪುವುದಿಲ್ಲ.

ಇದನ್ನು ಮನೆಯಲ್ಲೇ ಕುಳಿತು ತಿಳಿಯಲು ಉಪಗ್ರಹ ಚಿತ್ರ ಸಾಕು. ಚಿತ್ರದಲ್ಲಿ ತಿಳಿ ಹಸಿರುನೀಲಿಯಾಗಿ, ಒಂದೇ ಸಮನಾಗಿ ಕಾಣುವುದು ಮರಳು. ಅದು ಛಾಯಾಚಿತ್ರಕ್ಕೆ ಸೊಗಸು, ಮಾಸ್ಕ್ ಹಾಕಿ ಇಳಿದರೆ ಬರಿದು. ಆ ತಿಳಿ ಬಣ್ಣದ ನಡುವೆ ಕಂದು ಅಥವಾ ಕಡುಹಸಿರು ಮಚ್ಚೆಗಳಿದ್ದರೆ ಅಲ್ಲಿ ಹವಳ, ಬಂಡೆ ಅಥವಾ ಕಡಲಹುಲ್ಲು ಇದೆ. ಅಂಚು ಮೆತ್ತಗೆ ಹರಡಿಕೊಂಡಿದ್ದರೆ ಹುಲ್ಲಿರುವ ಸಾಧ್ಯತೆ ಹೆಚ್ಚು, ಚೂರುಚೂರಾಗಿ ಒರಟಾಗಿದ್ದರೆ ಹವಳದ ಸಾಧ್ಯತೆ ಹೆಚ್ಚು. ತಿಳಿ ಬಣ್ಣ ಮುಗಿದು ಗಾಢ ನೀಲಿ ಥಟ್ಟನೆ ಆರಂಭವಾಗುವ ಗೆರೆಯೇ ದಿಬ್ಬದ ಹೊರ ಅಂಚು. ಮೀನಿನ ಸಂತೆ ನೆರೆಯುವುದು ಆ ಗೆರೆಯಲ್ಲಿ. ನಕ್ಷೆಯ ಅಳತೆಪಟ್ಟಿಯಿಂದ ದಡಕ್ಕೂ ಆ ಗೆರೆಗೂ ಇರುವ ದೂರ ಅಳೆಯಿರಿ. ನೂರು ನೂರೈವತ್ತು ಮೀಟರಿನೊಳಗಿದ್ದರೆ ಆ ಜಾಗವನ್ನು ಪಟ್ಟಿಗೆ ಸೇರಿಸಿಕೊಳ್ಳಿ. ಅಲೆನ್ ಕೋರಲ್ ಅಟ್ಲಾಸ್ ಎಂಬ ಉಚಿತ ಜಾಲನಕ್ಷೆಯೊಂದಿದೆ. ಜಗತ್ತಿನ ಆಳವಿಲ್ಲದ ಹವಳದ ದಿಬ್ಬಗಳನ್ನು ಉಪಗ್ರಹ ಚಿತ್ರಗಳಿಂದ ಗುರುತಿಸಿ, ಮರಳು, ಬಂಡೆ, ಕಡಲಹುಲ್ಲು, ಹವಳ ಇವುಗಳನ್ನು ಬೇರೆಬೇರೆ ಬಣ್ಣಗಳಲ್ಲಿ ತೋರಿಸುವ ಅದನ್ನು ನಾನು ಪ್ರತಿ ಪ್ರವಾಸಕ್ಕೂ ಮುನ್ನ ಗಂಟೆಗಟ್ಟಲೆ ನೋಡುತ್ತೇನೆ.

ಆಳ ಕಡಿಮೆ ಎಂದು ಯಾರೂ ಕೊರಗಬೇಕಿಲ್ಲ. ಸೂರ್ಯನ ಬೆಳಕಿನ ಕೆಂಪನ್ನು ನೀರು ಎಲ್ಲಕ್ಕಿಂತ ಮೊದಲು ಹೀರಿಕೊಳ್ಳುವುದರಿಂದ, ಮೊದಲ ಕೆಲವೇ ಮೀಟರುಗಳಲ್ಲಿ ಕೆಂಪು ಮಂಕಾಗಿ ಎಲ್ಲವೂ ನೀಲಿಗೆ ತಿರುಗತೊಡಗುತ್ತದೆ. ಎರಡು ಮೂರು ಮೀಟರ್ ನೀರಿನಲ್ಲಿ ತೇಲುವವರಿಗೆ ಕಾಣುವ ಬಣ್ಣ, ದೀಪವಿಲ್ಲದೆ ಇಪ್ಪತ್ತು ಮೀಟರ್ ಆಳಕ್ಕಿಳಿದವರಿಗೆ ಕಾಣುವುದಿಲ್ಲ.

ದಿಬ್ಬ ಸಿಕ್ಕ ಮೇಲೆ ಗಾಳಿಯನ್ನು ನೋಡಿ. ಉಷ್ಣವಲಯದ ಬಹುಭಾಗದಲ್ಲಿ ವಾಣಿಜ್ಯ ಮಾರುತಗಳು ಉತ್ತರಾರ್ಧಗೋಳದಲ್ಲಿ ಈಶಾನ್ಯದಿಂದಲೂ ದಕ್ಷಿಣಾರ್ಧಗೋಳದಲ್ಲಿ ಆಗ್ನೇಯದಿಂದಲೂ ಬೀಸುತ್ತವೆ. ಹಾಗಾಗಿ ಅಂತಹ ದ್ವೀಪಗಳ ಪೂರ್ವ ದಡ ಅಲೆಗಳ ಹೊಡೆತಕ್ಕೆ ಸಿಕ್ಕಿರುತ್ತದೆ, ಪಶ್ಚಿಮ ದಡ ಗಾಳಿಯ ಮರೆಯಲ್ಲಿರುತ್ತದೆ. ಕೆರಿಬಿಯನ್ನಿನ ಬೊನೇರ್ ದ್ವೀಪ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಪಶ್ಚಿಮ ಕರಾವಳಿಯುದ್ದಕ್ಕೂ ರಸ್ತೆಯ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳ ಮೇಲೆ ಇಳಿಯುವ ಜಾಗಗಳ ಹೆಸರು ಬರೆದಿಟ್ಟಿದ್ದಾರೆ. ವಾಹನ ನಿಲ್ಲಿಸಿ ನಡೆದು ನೀರಿಗಿಳಿದರೆ ದಿಬ್ಬ ಅಲ್ಲಿಯೇ ಇದೆ. ಮಾನ್ಸೂನ್ ಪ್ರದೇಶದಲ್ಲಿ ಮಾತ್ರ ಈ ಲೆಕ್ಕ ವರ್ಷಕ್ಕೆ ಎರಡು ಬಾರಿ ಅದಲುಬದಲಾಗುತ್ತದೆ. ಮಲೇಷ್ಯಾದ ಪೂರ್ವ ಕರಾವಳಿಯಾಚೆಯ ಪೆರ್ಹೆಂಟಿಯನ್ ದ್ವೀಪಗಳಲ್ಲಿ ದಡದಿಂದಲೇ ಸೊಗಸಾದ ಸ್ನಾರ್ಕೆಲಿಂಗ್ ಸಾಧ್ಯ, ಆದರೆ ಈಶಾನ್ಯ ಮಾನ್ಸೂನ್ ಬೀಸುವ ನವೆಂಬರಿನಿಂದ ಫೆಬ್ರುವರಿಯವರೆಗೆ ಅಲ್ಲಿನ ವಸತಿಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ. ಋತುವಲ್ಲದ ಋತುವಿನ ರಿಯಾಯಿತಿ ದರವನ್ನು ಕಂಡು ಹಿಗ್ಗುವ ಮುನ್ನ, ಆ ತಿಂಗಳು ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂದು ತಿಳಿದುಕೊಳ್ಳುವುದು ಅಗತ್ಯ.

ನನಗೆ ಅತ್ಯಂತ ಇಷ್ಟವಾದ ದಡಗಳಲ್ಲಿ ಒಂದು ಬಾಲಿಯ ಈಶಾನ್ಯ ಭಾಗದ ಅಮೆಡ್ ಮತ್ತು ತುಲಾಂಬೆನ್ ಸುತ್ತಮುತ್ತಲಿನದು. ತುಲಾಂಬೆನ್‌ನಲ್ಲಿ 'ಲಿಬರ್ಟಿ' ಎಂಬ ಅಮೆರಿಕದ ಸರಕು ಹಡಗಿನ ಅವಶೇಷ ದಡಕ್ಕೆ ಅತಿ ಸಮೀಪದಲ್ಲಿದೆ. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿದ ಆ ಹಡಗನ್ನು ದಡಕ್ಕೆ ಹತ್ತಿಸಿದ್ದರು; 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ಮತ್ತೆ ಜಾರಿ ನೀರು ಸೇರಿತು. ಅದರ ಮೇಲ್ತುದಿ ಸುಮಾರು ಐದು ಮೀಟರ್ ಆಳದಲ್ಲಷ್ಟೇ ಇರುವುದರಿಂದ, ಹವಳ ಮೆತ್ತಿಕೊಂಡ ಹಡಗಿನ ಮೇಲ್ಭಾಗವನ್ನು ಮೇಲೆ ತೇಲುತ್ತಲೇ ನೋಡಬಹುದು. ಹಾಗೆಯೇ ಮಾಲ್ಡೀವ್ಸ್‌ನ ಹೆಸರು ಕೇಳಿದೊಡನೆ ಅದು ಸಿರಿವಂತರಿಗೆ ಮಾತ್ರ ಎಂದು ಕೈಬಿಡಬೇಡಿ. 2009ರ ಸುಮಾರಿಗೆ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹಗಳಿಗೆ ಅವಕಾಶ ದೊರೆತ ಮೇಲೆ ರೆಸಾರ್ಟಿಗಿಂತ ಬಹಳ ಕಡಿಮೆ ವೆಚ್ಚದಲ್ಲಿ ಉಳಿಯುವುದು ಸಾಧ್ಯವಾಗಿದೆ. ಆದರೆ ಎಲ್ಲ ಜನವಸತಿ ದ್ವೀಪಗಳಲ್ಲೂ ದಡದ ದಿಬ್ಬ ಒಂದೇ ರೀತಿ ಇರುವುದಿಲ್ಲ. ಬಂದರು ಕಟ್ಟಿ, ಹೂಳೆತ್ತಿ ದಿಬ್ಬ ಹಾಳಾದ ಕಡೆಯೂ ಉಂಟು. ಆದ್ದರಿಂದ ಅತಿಥಿಗೃಹದವರಿಗೆ ಮುಂಚಿತವಾಗಿಯೇ ಬರೆದು, ದಡದಿಂದ ಈಜಿ ದಿಬ್ಬದ ಅಂಚನ್ನು ಮುಟ್ಟಬಹುದೇ, ಎಲ್ಲಿ ಇಳಿಯಬೇಕು, ಎಲ್ಲಿ ಮೇಲೆ ಬರಬೇಕು ಎಂದು ನೇರವಾಗಿ ಕೇಳಿ. ಉತ್ತರದಲ್ಲಿ ಜಾಗದ ವಿವರವಿದ್ದರೆ ನಂಬಬಹುದು. ಎಲ್ಲವೂ ಸುಂದರವಾಗಿದೆ ಎಂದಷ್ಟೇ ಬರೆದಿದ್ದರೆ ಬೇರೆ ವಸತಿ ನೋಡಿ.

ಉತ್ತರ: ತೇಲುಪಾಠ

ನಾನು ಹಲವು ವರ್ಷ ಹೊಸಬರನ್ನು ನೀರಿಗಿಳಿಸಿ ಸ್ನಾರ್ಕೆಲಿಂಗ್ ಕಲಿಸಿದ್ದೇನೆ. ಆದ್ದರಿಂದ ಸಲಕರಣೆಯ ವಿಷಯವನ್ನೂ ನಿಮ್ಮ ಸಂಗಾತಿಯ ವಿಷಯವನ್ನೂ ಮಾತ್ರ ಎತ್ತಿಕೊಳ್ಳುತ್ತೇನೆ.

ಮಾಸ್ಕನ್ನು ಕೊಂಡುಕೊಳ್ಳಿ, ಫಿನ್‌ಗಳನ್ನು ಬಾಡಿಗೆಗೆ ಪಡೆಯಿರಿ. ಫಿನ್ ಕಾಲಿಗೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಕೆಲಸ ನಡೆಯುತ್ತದೆ ಮತ್ತು ಅದು ಪೆಟ್ಟಿಗೆಯಲ್ಲಿ ಬಹಳ ಜಾಗ ತಿನ್ನುತ್ತದೆ. ಮಾಸ್ಕ್ ಮಾತ್ರ ಮುಖದ ಆಕಾರಕ್ಕೆ ಸರಿಯಾಗಿ ಕೂರದಿದ್ದರೆ ಇಡೀ ದಿನ ಹಾಳು. ಕೊಳ್ಳುವಾಗ ಪಟ್ಟಿಯನ್ನು ತಲೆಯ ಹಿಂದಕ್ಕೆ ಹಾಕದೆ ಮಾಸ್ಕನ್ನು ಮುಖಕ್ಕೆ ಹಗುರವಾಗಿ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರು ಎಳೆದು ಕೈಬಿಡಿ. ಅದು ಬೀಳದೆ ನಿಂತರೆ ಅದು ನಿಮ್ಮ ಮಾಸ್ಕ್. ಬೆಲೆ, ಬಣ್ಣ, ಹೆಸರು ಯಾವುದೂ ಅದಕ್ಕಿಂತ ಮುಖ್ಯವಲ್ಲ. ಸೋರಿದರೆ ಪಟ್ಟಿಯನ್ನು ಇನ್ನಷ್ಟು ಬಿಗಿಯುವುದು ಎಲ್ಲರೂ ಮಾಡುವ ತಪ್ಪು. ಬಿಗಿದಷ್ಟೂ ಅಂಚಿನ ಸಿಲಿಕೋನ್ ಮಡಚಿಕೊಂಡು ಇನ್ನೂ ಸೋರುತ್ತದೆ. ಅಂಚಿನ ಕೆಳಗೆ ಸಿಕ್ಕಿದ ಕೂದಲಿನ ಎಳೆ ಅಥವಾ ದಪ್ಪ ಮೀಸೆಯೇ ಹೆಚ್ಚಿನ ಸೋರಿಕೆಗೆ ಕಾರಣ. ಹೊಸ ಮಾಸ್ಕಿನ ಗಾಜಿನ ಒಳಬದಿಯಲ್ಲಿ ತಯಾರಿಕೆಯಿಂದ ಉಳಿದ ತೆಳು ಪದರವಿರುವುದರಿಂದ ಅದು ಬಹಳ ಮಂಜುಗಟ್ಟುತ್ತದೆ. ಹೊರಡುವ ಮುನ್ನ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಚೆನ್ನಾಗಿ ಉಜ್ಜಿ ತೊಳೆಯುವುದನ್ನು ಎರಡು ಮೂರು ಸಲ ಮಾಡಿ. ನೀರಿಗಿಳಿಯುವಾಗ ಎಂಜಲು ಸವರಿ ಒಮ್ಮೆ ಅಲುಬಿದರೆ ಸಾಕು.

ಸ್ನಾರ್ಕೆಲ್ ಸರಳವಾಗಿರಲಿ. ಕೊಳವೆ ಉದ್ದವಾದಷ್ಟೂ, ಅಗಲವಾದಷ್ಟೂ ಹೊರಬಿಟ್ಟ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುವುದು ಹೆಚ್ಚುತ್ತದೆ. ಇಡೀ ಮುಖ ಮುಚ್ಚುವ ಮಾಸ್ಕ್ ಹೊಸಬರಿಗೆ ಸುಲಭವೆಂದು ಮಾರಾಟವಾಗುತ್ತದೆ, ಆದರೆ ಉಸಿರು ಕಟ್ಟಿದಂತಾದಾಗ ಬಾಯಿಂದ ಕೊಳವೆ ಉಗುಳಿದಷ್ಟು ಬೇಗ ಅದನ್ನು ಕಳಚಲಾಗುವುದಿಲ್ಲ. ನಾನು ಯಾರಿಗೂ ಅದನ್ನು ಸಲಹೆ ಮಾಡುವುದಿಲ್ಲ. ತೋಳು ಮುಚ್ಚುವ ಈಜುಅಂಗಿಯೊಂದನ್ನು ತಪ್ಪದೆ ತೆಗೆದುಕೊಳ್ಳಿ. ಮುಖ ಕೆಳಗೆ ಮಾಡಿ ತೇಲುವಾಗ ಬೆನ್ನಿಗೂ ಮಂಡಿಯ ಹಿಂಬದಿಗೂ ಬಿಸಿಲು ನೇರವಾಗಿ ಬೀಳುತ್ತದೆ, ನೀರಿನ ತಂಪಿನಲ್ಲಿ ಸುಡುವುದು ತಿಳಿಯುವುದೇ ಇಲ್ಲ. ಮೊದಲ ದಿನವೇ ಬೆನ್ನು ಸುಟ್ಟುಕೊಂಡು ಉಳಿದ ರಜೆಯನ್ನು ನೆರಳಿನಲ್ಲಿ ಕಳೆದವರನ್ನು ನಾನು ಬಹಳ ಕಂಡಿದ್ದೇನೆ. ಆ ಅಂಗಿ ಚಳಿಯನ್ನೂ ಸ್ವಲ್ಪ ತಡೆಯುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ದೇಹದ ಶಾಖವನ್ನು ಒಯ್ಯುವುದರಿಂದ, ಬೆಚ್ಚಗೆನಿಸುವ ನೀರಿನಲ್ಲೂ ಒಂದು ಗಂಟೆಯಾದ ಮೇಲೆ ಮೈ ನಡುಗುವುದುಂಟು.

ಇನ್ನು ನಿಮ್ಮ ಸಂಗಾತಿಯ ವಿಷಯ. ಅವರ ಮೊದಲ ದಿನದಲ್ಲಿ ಹವಳವೂ ಬೇಡ, ಮೀನೂ ಬೇಡ. ಸೊಂಟದಾಳದ, ಮರಳು ತಳದ, ಅಲೆಯಿಲ್ಲದ ನೀರಿನಲ್ಲಿ ನಿಂತು ಮುಖವನ್ನಷ್ಟೇ ಮುಳುಗಿಸಿ ಹತ್ತು ನಿಮಿಷ ಉಸಿರಾಡಲಿ. ಆಮೇಲೆ ಕೊಳವೆಯೊಳಗೆ ಬೇಕೆಂದೇ ನೀರು ತುಂಬಿಸಿಕೊಂಡು ಜೋರಾಗಿ ಊದಿ ಹೊರಹಾಕುವುದನ್ನು, ಮಾಸ್ಕಿನೊಳಗೆ ನೀರು ಬಂದರೆ ತಲೆ ಎತ್ತಿ ಅಂಚನ್ನು ಸಡಿಲಿಸಿ ಚೆಲ್ಲುವುದನ್ನು, ಗಾಬರಿಯಾದೊಡನೆ ಕೊಳವೆ ತೆಗೆದು ಬೆನ್ನ ಮೇಲೆ ಮಲಗಿ ತೇಲುವುದನ್ನು ಕಲಿಯಲಿ. ಈ ಮೂರೂ ಅಭ್ಯಾಸವಾಗುವವರೆಗೆ ಕಾಲಿಗೆ ನೆಲ ಸಿಗದ ಜಾಗಕ್ಕೆ ಕರೆದೊಯ್ಯಬೇಡಿ. ತೇಲುವ ಜಾಕೆಟ್ ಧರಿಸಿಯೇ ಇರಲಿ. ಅದನ್ನು ಧರಿಸುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಜಾಕೆಟ್ ಇದ್ದರೆ ಕಾಲು ಕೆಳಗೆ ಜೋತುಬೀಳುವುದಿಲ್ಲ, ಹವಳವನ್ನು ತುಳಿಯುವುದೂ ತಪ್ಪುತ್ತದೆ.

ಇನ್ನೊಂದು ಮಾತನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಸ್ನಾರ್ಕೆಲಿಂಗ್ ಮಾಡುವವರು ಮುಖ ಕೆಳಗಾಗಿ, ಅಲುಗಾಡದೆ ತೇಲುತ್ತಾರೆ. ನೀರಿನಲ್ಲಿ ಪ್ರಜ್ಞೆ ತಪ್ಪಿದವರೂ ದೂರದಿಂದ ಹಾಗೆಯೇ ಕಾಣುತ್ತಾರೆ. ದಡದಲ್ಲಿ ಕುಳಿತು ಕಾಯುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಇಬ್ಬರೂ ಕೈಚಾಚಿದರೆ ತಗಲುವಷ್ಟು ಹತ್ತಿರದಲ್ಲೇ ಈಜಬೇಕು, ಪ್ರತಿ ನಿಮಿಷಕ್ಕೊಮ್ಮೆ ಒಬ್ಬರನ್ನೊಬ್ಬರು ನೋಡಿ ಸನ್ನೆ ಮಾಡಬೇಕು. ಹೃದಯ ಅಥವಾ ಶ್ವಾಸಕೋಶದ ತೊಂದರೆ ಯಾರಿಗಾದರೂ ಇದ್ದರೆ ವೈದ್ಯರನ್ನು ಕೇಳಿಯೇ ಹೊರಡಿ, ಏಕೆಂದರೆ ಕೊಳವೆಯ ಮೂಲಕ ಉಸಿರೆಳೆಯುವುದು ಎದೆಗೆ ನಾವು ಊಹಿಸುವುದಕ್ಕಿಂತ ಹೆಚ್ಚಿನ ಕೆಲಸ.

ಉತ್ತರ: ದೋಣಿಪ್ರಿಯ

ಮೇಲಿನವರ ಮಾತು ಬಹುಮಟ್ಟಿಗೆ ಸರಿ. ಆದರೂ ದೋಣಿಯನ್ನು ಸಂಪೂರ್ಣ ಬದಿಗಿಡುವುದನ್ನು ನಾನು ಒಪ್ಪುವುದಿಲ್ಲ. ಮಾಂಟಾ ಎಂಬ ದೊಡ್ಡ ತೊರಕೆ ಮೀನುಗಳು ಪುಟ್ಟ ಮೀನುಗಳಿಂದ ಮೈ ಶುಚಿಮಾಡಿಸಿಕೊಳ್ಳಲು ಬರುವ ದಿಬ್ಬಗಳು, ತಿಮಿಂಗಿಲ ಶಾರ್ಕ್‌ಗಳು ಸುಳಿಯುವ ನೀರು, ಜನವಸತಿಯಿಲ್ಲದ ಪುಟ್ಟ ದ್ವೀಪಗಳ ಅಂಚು, ಇವು ಯಾವುವೂ ದಡದಿಂದ ಸಿಗುವಂಥವಲ್ಲ. ಹತ್ತು ದಿನದ ರಜೆಯಲ್ಲಿ ಎಂಟು ದಿನ ದಡದಿಂದ ಈಜಿ, ಉಳಿಸಿದ ಹಣದಲ್ಲಿ ಒಂದು ಅಥವಾ ಎರಡು ದಿನ ನಿಜಕ್ಕೂ ಒಳ್ಳೆಯ ದೋಣಿಯಲ್ಲಿ ಹೋಗುವುದು ನನ್ನ ಪದ್ಧತಿ. ಅದರಲ್ಲೂ ಆ ಯಾತ್ರೆಯನ್ನು ಕೊನೆಯ ದಿನಗಳಿಗೆ ಇಟ್ಟುಕೊಳ್ಳುತ್ತೇನೆ. ಅಷ್ಟರಲ್ಲಿ ಮಾಸ್ಕ್ ಪಳಗಿರುತ್ತದೆ, ಉಸಿರು ನಿಧಾನವಾಗಿರುತ್ತದೆ, ಯಾವ ದೋಣಿಯವರು ಜಾಗ್ರತೆಯವರು ಎಂಬುದೂ ನಾಲ್ಕು ಜನರ ಬಾಯಿಂದ ಗೊತ್ತಾಗಿರುತ್ತದೆ.

ಹಣ ಕೊಡುವ ಮುನ್ನ ಒಟ್ಟು ಎಷ್ಟು ಗಂಟೆ ಎಂದು ಕೇಳುವ ಬದಲು ನೀರಿನೊಳಗೆ ಎಷ್ಟು ನಿಮಿಷ ಎಂದು ಕೇಳಿ. ಎಷ್ಟು ಜನ, ಜೊತೆಯಲ್ಲಿ ನೀರಿಗಿಳಿಯುವ ಮಾರ್ಗದರ್ಶಿ ಇದ್ದಾರೆಯೇ, ದೋಣಿ ಲಂಗರು ಹಾಕುತ್ತದೆಯೋ ಅಥವಾ ತಳಕ್ಕೆ ಬಿಗಿದು ಅಲ್ಲಿ ತೇಲಬಿಟ್ಟಿರುವ ಬೋಯಿಗೆ ಕಟ್ಟಿಕೊಳ್ಳುತ್ತದೆಯೋ, ಕಡಲ ಉದ್ಯಾನದ ಪ್ರವೇಶ ಶುಲ್ಕ ಆ ದರದಲ್ಲೇ ಸೇರಿದೆಯೇ, ಗಾಳಿ ಜೋರಾದರೆ ಯಾತ್ರೆ ರದ್ದಾಗಿ ಹಣ ವಾಪಸಾಗುತ್ತದೆಯೇ ಎಂಬುದನ್ನೂ ಕೇಳಿ. ಹವಳದ ಮೇಲೆಯೇ ಲಂಗರು ಎಸೆಯುವವರ ದೋಣಿಯನ್ನು ನಾನು ಎಂದೂ ಹತ್ತುವುದಿಲ್ಲ. ತಾವು ದುಡಿಯುವ ನೆಲೆಯನ್ನೇ ಒಡೆಯುವವರು ನಿಮ್ಮ ಜೀವದ ಬಗ್ಗೆ ಕಾಳಜಿ ವಹಿಸುತ್ತಾರೆಂಬ ನಂಬಿಕೆ ನನಗಿಲ್ಲ.

ಖರ್ಚು ಉಳಿಸುವ ಮತ್ತೊಂದು ದಾರಿ ಸಾರ್ವಜನಿಕ ಫೆರಿ. ದ್ವೀಪಸಮೂಹಗಳಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ನಿತ್ಯದ ಪ್ರಯಾಣಿಕರಿಗಾಗಿ ಓಡುವ ಫೆರಿಯಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮರಳಿದರೆ, ಪ್ರವಾಸಿ ದೋಣಿಯ ವೆಚ್ಚದ ಸಣ್ಣ ಭಾಗದಲ್ಲೇ ಬೇರೊಂದು ದಡ, ಬೇರೊಂದು ದಿಬ್ಬ ನಿಮ್ಮದಾಗುತ್ತದೆ. ಕೊನೆಯ ಫೆರಿಯ ಸಮಯವನ್ನು ಮಾತ್ರ ಇಳಿದೊಡನೆಯೇ ಬರೆದುಕೊಳ್ಳಿ.

ತೀರಯಾತ್ರಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿಯೆಲ್ಲ ಉಪಗ್ರಹ ಚಿತ್ರಗಳನ್ನು ನೋಡುತ್ತಾ ಕುಳಿತೆವು. ಒಂದು ದ್ವೀಪದ ಪಶ್ಚಿಮ ದಡದಲ್ಲಿ, ವಸತಿಯಿಂದ ಐದು ನಿಮಿಷದ ನಡಿಗೆಯಲ್ಲಿ, ಸುಮಾರು ನೂರಿಪ್ಪತ್ತು ಮೀಟರ್ ದೂರಕ್ಕೆ ದಿಬ್ಬದ ಅಂಚು ಕಾಣುತ್ತಿದೆ. ದಿಬ್ಬದ ನಡುವೆ ಒಂದು ಕಡೆ ಕಡುನೀಲಿಯ ಸೀಳು ದಡದ ಕಡೆಗೆ ಒಳಚಾಚಿದೆ. ಅಲ್ಲಿ ಹವಳವಿಲ್ಲ, ನೀರು ಆಳವಾಗಿರುವಂತಿದೆ. ದಿಬ್ಬದ ಚಪ್ಪಟೆ ಭಾಗದ ಮೇಲೆ ಹೊಟ್ಟೆ ಉಜ್ಜಿಕೊಂಡು ಈಜುವುದಕ್ಕಿಂತ ಆ ಸೀಳಿನ ಮೂಲಕ ಹೊರ ಅಂಚಿಗೆ ಹೋಗುವುದು ಸುಲಭವಲ್ಲವೇ?

ಉತ್ತರ: ದಡದ ದಿಬ್ಬ

ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ಆ ಸೀಳನ್ನು ದೂರವಿಡಿ, ವಿಶೇಷವಾಗಿ ನಿಮ್ಮ ಸಂಗಾತಿ ಜೊತೆಗಿರುವಾಗ.

ಅಲೆಗಳು ದಿಬ್ಬದ ತುದಿಯನ್ನು ದಾಟಿ ಒಳಗಿನ ಲಗೂನಿಗೆ ನೀರನ್ನು ತುಂಬುತ್ತಲೇ ಇರುತ್ತವೆ. ಹಾಗೆ ಒಳಬಂದ ನೀರು ಎಲ್ಲಿಂದಲಾದರೂ ಹೊರಹೋಗಲೇಬೇಕು, ಮತ್ತು ಅದು ಹೊರಹೋಗುವ ಬಾಗಿಲೇ ಆ ಕಡುನೀಲಿಯ ಸೀಳು. ಅಲ್ಲಿ ಅಲೆ ಒಡೆಯುವುದಿಲ್ಲ, ಮೇಲ್ಮೈ ನಯವಾಗಿರುತ್ತದೆ. ಸುರಕ್ಷಿತವಾಗಿ ಕಾಣುವ ಆ ಜಾಗದಲ್ಲೇ ಸೆಳೆತ ಅತಿ ಹೆಚ್ಚು. ಉಬ್ಬರ ಮುಗಿದು ನೀರು ಇಳಿಯುವ ಗಂಟೆಗಳಲ್ಲಿ ಅದು ಇನ್ನೂ ಬಲವಾಗುತ್ತದೆ, ಏಕೆಂದರೆ ಆಗ ಇಡೀ ಲಗೂನು ಆ ಒಂದೇ ಕಿಂಡಿಯಿಂದ ಬರಿದಾಗತೊಡಗುತ್ತದೆ. ಫಿನ್ ತೊಟ್ಟ ಗಟ್ಟಿ ಈಜುಗಾರರೂ ಆ ಸೆಳೆತದ ಎದುರು ದಡಕ್ಕೆ ಮರಳಲಾರರು. ಎಂದಾದರೂ ಅದರಲ್ಲಿ ಸಿಲುಕಿದರೆ ಎದುರು ಈಜಿ ಬಸವಳಿಯಬೇಡಿ. ತೇಲುತ್ತಾ ಉಸಿರು ಉಳಿಸಿಕೊಂಡು, ಸೆಳೆತಕ್ಕೆ ಅಡ್ಡಲಾಗಿ ಪಕ್ಕಕ್ಕೆ ಈಜಿ, ಹೊರಬಂದ ಮೇಲೆ ಕೈ ಎತ್ತಿ ಸಹಾಯ ಕೋರಿ.

ನೀವು ಇಳಿಯಬೇಕಾದದ್ದು ಸೀಳಿನಿಂದ ಬಹಳ ದೂರದಲ್ಲಿ, ದಿಬ್ಬ ಅಖಂಡವಾಗಿರುವ ಕಡೆ, ಉಬ್ಬರದ ಆಸುಪಾಸಿನಲ್ಲಿ. ಉಬ್ಬರ ತುಂಬಿ ನೀರು ಸ್ವಲ್ಪ ಹೊತ್ತು ನಿಶ್ಚಲವಾಗುವ ಸಮಯವಿದೆ. ಆಗ ಚಪ್ಪಟೆ ಭಾಗದ ಮೇಲೂ ಹೊಟ್ಟೆ ತಾಗದಷ್ಟು ನೀರಿರುತ್ತದೆ, ಸೆಳೆತವೂ ತಗ್ಗಿರುತ್ತದೆ. ದಿನಕ್ಕೆರಡು ಬಾರಿ ಉಬ್ಬರ ಬರುವ ಕಡೆ ಒಂದು ಉಬ್ಬರದಿಂದ ಮತ್ತೊಂದಕ್ಕೆ 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ ಅದು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ರಜೆಯ ಮೊದಲ ದಿನದ ಸಮಯವನ್ನೇ ಹತ್ತನೆಯ ದಿನವೂ ನಂಬಿ ಹೊರಟರೆ ಬರೀ ಹವಳದ ತುದಿಗಳು ನೀರಿನಿಂದ ಮೇಲೆದ್ದಿರುವುದು ಕಂಡೀತು. ಹುಣ್ಣಿಮೆ, ಅಮಾವಾಸ್ಯೆಗಳ ಸುತ್ತ ಏರಿಳಿತ ದೊಡ್ಡದು, ಸೆಳೆತ ಜೋರು. ಅಷ್ಟಮಿಯ ಸುತ್ತ ಎರಡೂ ಕಡಿಮೆ. ದಿನಾಂಕ ಆಯ್ದುಕೊಳ್ಳುವ ಸ್ವಾತಂತ್ರ್ಯವಿದ್ದರೆ, ಹೊಸಬರನ್ನು ನೀರಿಗಿಳಿಸುವ ಮೊದಲ ದಿನಗಳು ಅಷ್ಟಮಿಯ ಹತ್ತಿರ ಬರುವಂತೆ ನೋಡಿಕೊಳ್ಳಿ.

ನೀರಿಗಿಳಿದ ಕೂಡಲೇ ಎರಡು ನಿಮಿಷ ಸುಮ್ಮನೆ ತೇಲಿ, ಕೆಳಗಿನ ಒಂದು ಕಲ್ಲನ್ನು ಗುರುತಿಟ್ಟು ನೀವು ಯಾವ ಕಡೆಗೆ ಸರಿಯುತ್ತಿದ್ದೀರಿ ಎಂದು ನೋಡಿ. ಮೊದಲರ್ಧವನ್ನು ಆ ಸೆಳೆತಕ್ಕೆ ಎದುರಾಗಿ ಈಜಿ, ದಣಿದ ಮೇಲೆ ಅದರ ಜೊತೆಗೆ ಹಿಂತಿರುಗಿ. ಎದುರು ಈಜುವುದೇ ಕಷ್ಟವೆನಿಸಿದರೆ ಅಂದು ಆ ಜಾಗ ನಿಮಗಲ್ಲ. ಬೆಳಗಿನ ಹೊತ್ತು ಸಾಮಾನ್ಯವಾಗಿ ಗಾಳಿ ಕಡಿಮೆ, ನೀರು ತಿಳಿ, ಜನವೂ ವಿರಳ.

ಉತ್ತರ: ಹವಳಗಾವಲು

ಎಲ್ಲರೂ ಉಳಿಸುವ ಮಾತಾಡಿದ್ದಾರೆ. ಉಳಿಸಬಾರದ ಒಂದು ಖರ್ಚಿನ ಬಗ್ಗೆ ನಾನು ಹೇಳುತ್ತೇನೆ: ಸಂರಕ್ಷಿತ ಕಡಲಿನ ಪ್ರವೇಶ ಶುಲ್ಕ. ಬೊನೇರ್‌ನ ಕಡಲ ಉದ್ಯಾನ 1979ರಲ್ಲಿ ಆರಂಭವಾಯಿತು, ಅಲ್ಲಿ ನೀರಿಗಿಳಿಯುವ ಪ್ರವಾಸಿಗಳು ಶುಲ್ಕ ಕೊಡಬೇಕು. ಹವಾಯಿಯ ಹನೌಮಾ ಕೊಲ್ಲಿ 1967ರಿಂದ ಸಂರಕ್ಷಿತ ಪ್ರದೇಶ. ಹೊರಗಿನವರು ಮುಂಗಡವಾಗಿ ಕಾಯ್ದಿರಿಸಿ, ಹವಳದ ಬಗೆಗಿನ ಕಿರುಚಿತ್ರ ನೋಡಿಯೇ ಇಳಿಯಬೇಕು. ಸೋಮವಾರ ಮತ್ತು ಮಂಗಳವಾರ ಮೀನುಗಳಿಗೆ ಬಿಡುವು ಕೊಡಲು ಕೊಲ್ಲಿಯನ್ನೇ ಮುಚ್ಚುತ್ತಾರೆ. ಇಂತಹ ಕಡೆ ಮೀನುಗಾರಿಕೆ ನಿಂತಿರುವುದರಿಂದಲೇ ಮೀನುಗಳು ದಡದ ಹತ್ತಿರ, ಮನುಷ್ಯರಿಗೆ ಬೆದರದೆ ಇರುತ್ತವೆ. ಶುಲ್ಕವಿರುವ ದಡ ಕೊನೆಗೆ ದೋಣಿಗಿಂತ ಎಷ್ಟೋ ಅಗ್ಗವೇ. ಅಮೆರಿಕನ್ ವರ್ಜಿನ್ ದ್ವೀಪಗಳ ಸೇಂಟ್ ಜಾನ್‌ನಲ್ಲಿರುವ ಟ್ರಂಕ್ ಬೇ ಎಂಬ ಕಡಲತೀರದಲ್ಲಿ, ನೀರಿನ ತಳದಲ್ಲಿ ಹವಳ ಮತ್ತು ಮೀನುಗಳನ್ನು ಪರಿಚಯಿಸುವ ಫಲಕಗಳನ್ನು ಸಾಲಾಗಿ ನೆಟ್ಟಿದ್ದಾರೆ. ಹೊಸಬರು ಮಾರ್ಗದರ್ಶಿಯಿಲ್ಲದೆಯೇ ಅವುಗಳನ್ನು ಓದುತ್ತಾ ಈಜಬಹುದು.

ದ್ವೀಪವನ್ನು ಆರಿಸುವಾಗ ಹಳೆಯ ಹೊಗಳಿಕೆಗಳನ್ನು ನಂಬಬೇಡಿ, ಇತ್ತೀಚಿನ ಚಿತ್ರಗಳನ್ನೇ ನೋಡಿ. ಹವಳಕ್ಕೆ ಬಣ್ಣವನ್ನೂ ಆಹಾರದ ಬಹುಪಾಲನ್ನೂ ಕೊಡುವುದು ಅದರೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು. ನೀರಿನ ಉಷ್ಣತೆ ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಹವಳ ಆ ಪಾಚಿಗಳನ್ನು ಹೊರದಬ್ಬಿ ಬೆಳ್ಳಗಾಗುತ್ತದೆ. ಜಗತ್ತಿನಾದ್ಯಂತ ನಾಲ್ಕನೆಯ ಬಾರಿ ಇಂತಹ ಬಿಳಿಚುವಿಕೆ ನಡೆಯುತ್ತಿದೆ ಎಂದು 2024ರ ಏಪ್ರಿಲಿನಲ್ಲಿ ವಿಜ್ಞಾನಿಗಳು ದೃಢಪಡಿಸಿದರು. ಐದು ವರ್ಷದ ಹಿಂದೆ ಬರೆದ ಪ್ರವಾಸ ಕಥನದಲ್ಲಿ ಸ್ವರ್ಗವೆನಿಸಿದ ದಿಬ್ಬ ಇಂದು ಪಾಚಿ ಮುಚ್ಚಿದ ಕಲ್ಲಾಗಿರಬಹುದು, ಅದರ ಪಕ್ಕದ ಕೊಲ್ಲಿ ಚೆನ್ನಾಗಿಯೇ ಉಳಿದಿರಬಹುದು. ಅತಿಥಿಗೃಹದವರಿಂದ ಈ ತಿಂಗಳಿನಲ್ಲಿ ನೀರಿನೊಳಗೆ ತೆಗೆದ ಒಂದು ಚಿತ್ರ ಕೇಳುವುದಕ್ಕೆ ಯಾವ ಖರ್ಚೂ ಇಲ್ಲ.

ಬಿಸಿಲಿನ ಲೇಪನದ (ಸನ್‌ಸ್ಕ್ರೀನ್) ಬಗ್ಗೆಯೂ ವಿಚಾರಿಸಿಕೊಂಡು ಹೋಗಿ. ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಪಲಾವು 2020ರಿಂದ ಹವಳಕ್ಕೆ ಹಾನಿಕರವೆಂದು ಗುರುತಿಸಿದ ರಾಸಾಯನಿಕಗಳಿರುವ ಲೇಪನಗಳನ್ನು ನಿಷೇಧಿಸಿದೆ. ಹವಾಯಿಯಲ್ಲಿ 2021ರಿಂದ ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಲೇಪನಗಳ ಮಾರಾಟಕ್ಕೆ ತಡೆಯಿದೆ. ತೇಲುಪಾಠ ಅವರು ಹೇಳಿದ ಉದ್ದ ತೋಳಿನ ಅಂಗಿ ಧರಿಸಿದರೆ ಮುಖಕ್ಕೂ ಕತ್ತಿಗೂ ಸ್ವಲ್ಪ ಹಚ್ಚಿದರೆ ಸಾಕಾಗುತ್ತದೆ.

ಆ ನೂರಿಪ್ಪತ್ತು ಮೀಟರಿನ ದಡದಲ್ಲಿ ಚಪ್ಪಟೆ ಭಾಗ ದಾಟುವಾಗ ನಿಲ್ಲಬೇಕೆನಿಸಿದರೆ ಮರಳಿನ ಮೇಲೆ ಮಾತ್ರ ನಿಲ್ಲಿ. ಉಂಡೆಯಾಕಾರದ ಹವಳ ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ಕಾಲಳತೆಯಷ್ಟು ಉಂಡೆಗೆ ಹತ್ತಾರು ವರ್ಷ ವಯಸ್ಸಾಗಿರುತ್ತದೆ. ಮೇಲಾಗಿ ಅಲ್ಲೇ ಮೈತುಂಬ ಮುಳ್ಳಿರುವ ಮುಳ್ಳುಚೆಂಡುಗಳೂ, ಕಲ್ಲಿನಂತೆಯೇ ಕಾಣುವ ವಿಷಮುಳ್ಳಿನ ಕಲ್ಲುಮೀನುಗಳೂ ಅಡಗಿರುತ್ತವೆ. ಕಡಲಾಮೆ ಕಂಡರೆ ಬೆನ್ನಟ್ಟದೆ ಕೆಲವು ಮೀಟರ್ ದೂರದಲ್ಲಿ ತೇಲುತ್ತಾ ಕಾಯಿರಿ. ಅದು ಉಸಿರಿಗಾಗಿ ಮೇಲೆ ಬರಲೇಬೇಕು. ದಾರಿ ಬಿಟ್ಟುಕೊಟ್ಟರೆ ಕೆಲವೊಮ್ಮೆ ನಿಮ್ಮ ಪಕ್ಕದಲ್ಲೇ ಎದ್ದು, ಒಮ್ಮೆ ಉಸಿರೆಳೆದುಕೊಂಡು ಮತ್ತೆ ಕಡಲಹುಲ್ಲಿನತ್ತ ಇಳಿಯುತ್ತದೆ.